ಹಳೆಯ ಜೀಪಿಗೆ ನ್ಯಾಯವಾದ ಬೆಲೆ

ಬೆಂಗಳೂರಿನ ತ್ಯಾಗರಾಜನಗರದ ಅಡ್ಡರಸ್ತೆಗಳಲ್ಲಿ ಸಂಜೆಯ ವಾಯುಸೇವನೆಗೆ ಹೊರಡುವವರು, ಹೊಂಗೆಯ ಮರದ ಅಡಿಯಲ್ಲೋ ಗೇಟಿನ ಮಗ್ಗುಲಲ್ಲೋ, ಟಾರ್ಪಾಲನ್ನು ಅರ್ಧ ಹೊದ್ದು, ಟೈರುಗಳ ಗಾಳಿ ಇಳಿದು, ಬಾನೆಟ್ಟಿನ ಮೇಲೆ ಒಣಗಿದ ಎಲೆ ಹೊತ್ತು ನಿಂತಿರುವ ಹಳೆಯ ಜೀಪೊಂದನ್ನು ಎಂದಾದರೊಮ್ಮೆ ಕಂಡೇ ಇರುತ್ತಾರೆ. ಅದರ ಸಂಖ್ಯಾಫಲಕದಲ್ಲಿ ಕೆಎ-05 ಎಂಬ ನಮ್ಮ ಜಯನಗರದ ಗುರುತಿಗೆ ಬದಲಾಗಿ ಕೊಡಗಿನ 12, ಹಾಸನದ 13, ಚಿಕ್ಕಮಗಳೂರಿನ 18 ಇವುಗಳಲ್ಲೊಂದು ಅನೇಕ ವೇಳೆ ಕಾಣುತ್ತದೆ. ಏಕೆಂದರೆ ಮಕ್ಕಳ ವಿದ್ಯಾಭ್ಯಾಸದ ನಿಮಿತ್ತ ಮಲೆನಾಡಿನ ತೋಟದ ಮನೆಯನ್ನು ಬಿಟ್ಟು ಬಂದ ಕುಟುಂಬಗಳು ಪಾತ್ರೆ ಪದಾರ್ಥಗಳೊಡನೆ, ದೇವರ ಪೆಟ್ಟಿಗೆಯೊಡನೆ, ಜೀಪನ್ನೂ ಇಲ್ಲಿಗೆ ತಂದುವು. ಮಕ್ಕಳು ಓದಿ ದೇಶಾಂತರ ಹೋದರು, ತೋಟ ಪಾಲಾಯಿತು, ಜೀಪು ಉಳಿಯಿತು. ಕಡೆಗೊಂದು ದಿನ ಅದರ ಮುಂಗಾಜಿನ ಮೇಲೆ ‘ಮಾರಾಟಕ್ಕಿದೆ’ ಎಂಬ ಚೀಟಿ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಮರುದಿನದಿಂದಲೇ ಒಂದೇ ವಾಹನಕ್ಕೆ ಮೂರು ಬೆಲೆಗಳು ಹುಟ್ಟುತ್ತವೆ. ಒಡೆಯರು ಮನಸ್ಸಿನಲ್ಲಿಟ್ಟುಕೊಂಡದ್ದು ಒಂದು; “ಏನು ಸಾರ್, ಗಾಡಿ ನಿಂತು ಎಷ್ಟು ವರ್ಷ ಆಯ್ತು?” ಎಂದು ಸುಮ್ಮನೆ ಮಾತಿಗೆಳೆಯುವಂತೆ ಬಂದ ದಲ್ಲಾಳಿ ಕೇಳುವುದು ಇನ್ನೊಂದು, ಗುಜರಿಯವನು ಕಬ್ಬಿಣದ ತೂಕದ ಮೇಲೆ ಹೇಳುವುದು ಮತ್ತೊಂದು. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಲಕ್ಷಗಳ ಅಂತರವಿರುವಾಗ, ಇವುಗಳಲ್ಲಿ ಯಾವುದು ನ್ಯಾಯ, ಅಥವಾ ನ್ಯಾಯವೆಂಬುದು ಈ ಮೂರಕ್ಕೂ ಹೊರಗೆಲ್ಲೋ ಇರತಕ್ಕದ್ದೇ, ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಸಾಮಾನ್ಯವಾದ ಕಾರಿನ ವಿಷಯದಲ್ಲಿ ಈ ಪ್ರಶ್ನೆ ಇಷ್ಟು ಜಟಿಲವಾಗುವುದಿಲ್ಲ. ಕಾರು ಹಳತಾದಷ್ಟೂ ಅಗ್ಗ. ಹದಿನೈದು ವರ್ಷ ಕಳೆದ ಮೇಲೆ ಅದನ್ನು ಕೇಳುವವರೇ ವಿರಳ. ಜೀಪಿನ ಜಾತಿಗೆ ಮಾತ್ರ ಈ ನಿಯಮ ಪೂರ್ತಿಯಾಗಿ ಅನ್ವಯಿಸದು. 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದಂದಿನಿಂದ, ಎತ್ತರವಾದ ಎಂಜಿನ್ನು ಹಿಡಿಸುವುದಕ್ಕಾಗಿ ಬಾನೆಟ್ಟನ್ನೇ ಎತ್ತರಿಸಿದ ಸಿಜೆ-3ಬಿ ಮಾದರಿಯ ಕಾಲವನ್ನು ದಾಟಿ, ಎಂಬತ್ತರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಮೂಲದ ಡೀಸೆಲ್ ಎಂಜಿನ್ನನ್ನು ಹೊತ್ತು ಬಂದ ಎಂಎಂ-540ರ ತನಕ, ಈ ವಾಹನದ ಅಸ್ಥಿಪಂಜರವು ಹೆಚ್ಚು ಮಾರ್ಪಾಡಿಲ್ಲದೆ ನಡೆದುಬಂದಿತು. 1985ರ ಡಿಸೆಂಬರಿನಲ್ಲಿ 970 ಸಿಸಿಯ ಪುಟ್ಟ ಪೆಟ್ರೋಲ್ ಎಂಜಿನ್ನಿನೊಡನೆ ಬಂದ ಮಾರುತಿ ಜಿಪ್ಸಿ, 2019ರ ಹೊತ್ತಿಗೆ ಸಾಮಾನ್ಯ ಗ್ರಾಹಕರಿಗೆ ದೊರೆಯದಂತಾಯಿತು. ಅದರ ವಂಶದ ಜಿಮ್ನಿ 2023ರಲ್ಲಿ ಬಂದಿತಾದರೂ, ಮಹೀಂದ್ರದವರ ಥಾರ್ 2010ರಲ್ಲಿ ಹುಟ್ಟಿ 2020ರಲ್ಲಿ ಹೊಸ ಅವತಾರವನ್ನು ತಾಳಿತಾದರೂ, ಇವುಗಳ ಬೆಲೆ ಹತ್ತು ಲಕ್ಷದ ಆಸುಪಾಸಿಗೋ ಅದಕ್ಕೂ ಮೇಲಕ್ಕೋ ಏರಿದ ಕಾರಣದಿಂದ, ಹಳೆಯದರ ಕಡೆಗೆ ಕಣ್ಣು ತಿರುಗಿಸಿದವರ ಸಂಖ್ಯೆ ಕಡಮೆಯಾಗಲಿಲ್ಲ. ಮಳೆಗಾಲದಲ್ಲಿ ತೋಟದೊಳಗಣ ಕೆಸರು ದಾರಿಗೂ, ಕೊಲ್ಲೂರಿನಿಂದ ಕೊಡಚಾದ್ರಿಗೂ, ಮಡಿಕೇರಿಯ ಮಾಂದಲಪಟ್ಟಿಗೂ ಹತ್ತುವ ಕಲ್ಲುದಾರಿಗೂ ಬೇಕಾದದ್ದು ನಯನಾಜೂಕಲ್ಲ, ನಾಲ್ಕು ಚಕ್ರಗಳಿಗೂ ಶಕ್ತಿ ಹರಿಸುವ ಗೇರುಪೆಟ್ಟಿಗೆ. ಆದಕಾರಣ ಮೂವತ್ತು ವರ್ಷದ ಜೀಪಿಗೆ ಇನ್ನೂ ಗಿರಾಕಿಯುಂಟು. ಗಿರಾಕಿ ಇದ್ದಲ್ಲಿ ಆಸೆಯೂ ಉಂಟು, ಆಸೆಯ ಹಿಂದೆ ತಕರಾರೂ ಉಂಟು.

ಬೆಲೆಗೆ ಆಧಾರವೇನೆಂದು ಗ್ರಂಥಪ್ರಮಾಣವನ್ನು ಹುಡುಕಹೊರಟವನಿಗೆ ಮೊದಲು ಸಿಗುವುದು ವಿಮೆಯ ಕೋಷ್ಟಕ. ಆರು ತಿಂಗಳೊಳಗಿನ ವಾಹನಕ್ಕೆ ನೂರಕ್ಕೆ 5, ಒಂದು ವರ್ಷಕ್ಕೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಎಂದು ಸವಕಳಿಯನ್ನು ಲೆಕ್ಕ ಹಾಕಿ ಕಳೆಯುತ್ತ ಬರುವ ಆ ಕೋಷ್ಟಕ, ಐದು ವರ್ಷ ದಾಟಿದ ವಾಹನದ ಮುಂದೆ ಲೇಖನಿ ಕೆಳಗಿಟ್ಟು, ವಿಮೆ ಮಾಡುವವನೂ ಮಾಡಿಸುವವನೂ ತಮ್ಮ ತಮ್ಮಲ್ಲಿ ಒಪ್ಪಿಕೊಂಡದ್ದೇ ಮೌಲ್ಯ ಎಂದು ಹೇಳಿ ಸುಮ್ಮನಾಗುತ್ತದೆ. ಎಲ್ಲಿ ಮಾರ್ಗದರ್ಶನ ಬೇಕೋ ಅಲ್ಲಿಯೇ ಶಾಸ್ತ್ರ ಮೌನ! ಇನ್ನು ಮಾರುವವರ ಕೈಯಲ್ಲಿ ಉಳಿದಿರುವುದು ಎರಡು ಲೆಕ್ಕ: ಕೊಂಡಾಗ ಕೊಟ್ಟದ್ದು, ಕೊಂಡ ಮೇಲೆ ಸುರಿದದ್ದು. ನನ್ನ ಅಭಿಪ್ರಾಯದಲ್ಲಿ ಇವೆರಡಕ್ಕೂ ಬೆಲೆ ಕಟ್ಟುವ ಕಾರ್ಯದಲ್ಲಿ ಪ್ರವೇಶವಿಲ್ಲ. ಎಂಟು ವರ್ಷದ ಹಿಂದೆ ಹಾಕಿಸಿದ ಕ್ಲಚ್ಚು ಎಂಟು ವರ್ಷ ದುಡಿದು ತನ್ನ ಋಣವನ್ನು ತೀರಿಸಿದೆ. ಅದರ ರಸೀದಿಯನ್ನು ಈಗ ಕೊಳ್ಳುವವನ ಮುಂದೆ ಹಿಡಿಯುವುದು ಉಂಡ ಊಟಕ್ಕೆ ಎರಡನೆಯ ಸಲ ಹಣ ಕೇಳಿದಂತೆ. ತಾತನವರು ಇದೇ ಜೀಪಿನಲ್ಲಿ ಸಕಲೇಶಪುರದ ಸಂತೆಗೆ ಹೋಗುತ್ತಿದ್ದರೆಂಬ ಸಂಗತಿ ಮನೆಯವರಿಗೆ ಅಮೂಲ್ಯವೇ ಸರಿ. ಅಮೂಲ್ಯವಾದುದನ್ನು ಮೂಲ್ಯಕ್ಕೆ ಸೇರಿಸಲಾಗದು.

ಬೆಲೆ ಎಲ್ಲಿಂದ ಆರಂಭವಾಗಬೇಕು ಎಂದರೆ, ಎಂಜಿನ್ನಿನಿಂದಲ್ಲ, ಕಾಗದದಿಂದ. ಕೊಳ್ಳುವವರು ಬಾನೆಟ್ಟನ್ನು ಎತ್ತುವುದಕ್ಕೆ ತೋರುವ ಆತುರವನ್ನು ನೋಂದಣಿ ಪುಸ್ತಕದ ಪುಟ ತಿರುಗಿಸುವುದಕ್ಕೆ ತೋರುವುದಿಲ್ಲ; ಇದು ದೊಡ್ಡ ಪ್ರಮಾದ. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣಗೊಳ್ಳಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಲಘು ವಾಹನಕ್ಕೆ 5,000 ರೂಪಾಯಿಯಾಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವುಗಳಿಗೆ 10,000ಕ್ಕೆ ಏರಿತು. ಇದರ ಮೇಲೆ ನಮ್ಮ ರಾಜ್ಯದ ಹಸಿರು ತೆರಿಗೆ. ಅವಧಿ ಮುಗಿದರೂ ನವೀಕರಿಸದೆ ಮರದ ಕೆಳಗೆ ನಿಲ್ಲಿಸಿದ್ದಕ್ಕೆ ತಿಂಗಳಿಗೆ 500 ರೂಪಾಯಿಯಂತೆ ವಿಳಂಬ ಶುಲ್ಕ ಬೇರೆ. ಮೂರು ವರ್ಷ ಸುಮ್ಮನೆ ನಿಂತ ಜೀಪು, ಒಂದು ಮೊಳೆಯೂ ಸವೆಯದೆ, 18,000 ರೂಪಾಯಿಯ ಸಾಲಗಾರನಾಗಿರುತ್ತದೆ. ಐವತ್ತು ವರ್ಷ ತುಂಬಿದ ವಾಹನಗಳಿಗೆ 2021ರ ನಿಯಮದಂತೆ ‘ವಿಂಟೇಜ್’ ಎಂಬ ಪದವಿ ಸಿಗಬಹುದಾದರೂ, ಆ ಪದವಿ ಪಡೆದದ್ದನ್ನು ನಿತ್ಯೋಪಯೋಗಕ್ಕೆ ಓಡಿಸುವಂತಿಲ್ಲ ಎಂಬುದನ್ನು ದಲ್ಲಾಳಿಗಳು ಹೇಳಲು ಮರೆಯುತ್ತಾರೆ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಮತ್ತೊಂದಿದೆ. ಪೆಟ್ರೋಲ್ ತುಟ್ಟಿಯಾದ ದಿನಗಳಲ್ಲಿ ಮಲೆನಾಡಿನ ಎಷ್ಟೋ ಜೀಪುಗಳ ಹುಟ್ಟು ಎಂಜಿನ್ನನ್ನು ಇಳಿಸಿ, ಮೆಟಡೋರಿನದೋ ಇನ್ನಾವುದೋ ಗಾಡಿಯದೋ ಡೀಸೆಲ್ ಎಂಜಿನ್ನನ್ನು ಕೂರಿಸಿದರು. ಕೆಲವರು ಅದನ್ನು ಸಾರಿಗೆ ಕಚೇರಿಯಲ್ಲಿ ನಮೂದು ಮಾಡಿಸಿದರು. ಹಲವರು, ನಾಳೆ ನೋಡೋಣ ಎಂದರು. ಆ ನಾಳೆ ಬರಲಿಲ್ಲ. ಪುಸ್ತಕದಲ್ಲಿ ಪೆಟ್ರೋಲ್ ಎಂದಿದ್ದು, ಬಾನೆಟ್ಟಿನ ಕೆಳಗೆ ಡೀಸೆಲ್ ಗಡಗಡಿಸುವ ಇಂಥ ಜೀಪು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅರೆಜೀವ. ತಯಾರಕರು ನಿರ್ದಿಷ್ಟಪಡಿಸಿದ ಮೂಲ ಲಕ್ಷಣಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ಸ್ಪಷ್ಟವಾಗಿ ವಿಧಿಸಿದ ಮೇಲಂತೂ ಇದನ್ನು ಲಘುವಾಗಿ ಕಾಣುವಂತಿಲ್ಲ. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಗೂ ಹದಿನೈದು ವರ್ಷದ ಪೆಟ್ರೋಲ್ ಗಾಡಿಗೂ ಹಸಿರು ನ್ಯಾಯಾಧಿಕರಣ ಹಾಕಿದ ನಿರ್ಬಂಧದ ಪರಿಣಾಮವಾಗಿ ಅಲ್ಲಿಂದ ಅಗ್ಗದಲ್ಲಿ ತರುವ ವಾಹನಗಳದು ಬೇರೆಯೇ ಕಥೆ: ನಿರಾಕ್ಷೇಪಣ ಪತ್ರ, ಇಲ್ಲಿಯ ಆಜೀವ ತೆರಿಗೆ, ಹೊಸ ಸಂಖ್ಯೆ ಇಷ್ಟೂ ಆದ ಮೇಲೆ ಆ ಅಗ್ಗ ಎಷ್ಟು ಉಳಿಯುತ್ತದೆಯೋ ನೋಡಿಯೇ ತಿಳಿಯಬೇಕು.

ಕಾಗದ ಸರಿಯಿದೆಯೆಂದ ಮೇಲೆ ಚಾಸಿ. ಜೀಪಿನ ಬೆನ್ನೆಲುಬಾದ ಆ ಉದ್ದನೆಯ ಎರಡು ಉಕ್ಕಿನ ತೊಲೆಗಳು ಕೆಸರನ್ನೂ ಗೊಬ್ಬರವನ್ನೂ ವರ್ಷಗಟ್ಟಲೆ ಹೊತ್ತು ಒಳಗಿನಿಂದ ತುಕ್ಕು ಹಿಡಿದಿರುತ್ತವೆ. ಪಳಗಿದ ಮೆಕ್ಯಾನಿಕ್ ಕೈಯಲ್ಲಿ ಒಂದು ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಅಡಿಗೆ ಮಲಗುತ್ತಾನೆ. ಕಮಾನುಪಟ್ಟಿಗಳ ತೂಗುಕೊಂಡಿಗಳು ಚಾಸಿಗೆ ಸೇರುವ ಜಾಗದಲ್ಲಿ ಟಕ್ಕೆಂದು ತಟ್ಟಿ ಕಿವಿಗೊಡುತ್ತಾನೆ. ಗಟ್ಟಿ ಉಕ್ಕು ಗಂಟೆಯ ದನಿ ಕೊಡುತ್ತದೆ, ಕೊಳೆತದ್ದು ಮಂಕಾಗಿ ನುಡಿದು ಕಂದುಪುಡಿಯನ್ನು ಅವನ ಮುಖದ ಮೇಲೆ ಉದುರಿಸುತ್ತದೆ. ಆಮೇಲೆ ಅವನು ಎದ್ದು, ಜೇಬಿನಿಂದ ಚಿಕ್ಕದೊಂದು ಅಯಸ್ಕಾಂತವನ್ನು ತೆಗೆದು, ಬಟ್ಟೆಯೊಳಗೆ ಸುತ್ತಿ ಬಾಡಿಯ ಮೇಲೆಲ್ಲ ಆಡಿಸುತ್ತಾನೆ. ಎಲ್ಲಿ ಅದು ಹಿಡಿಯದೆ ಜಾರುತ್ತದೋ ಅಲ್ಲಿ ತಗಡಿಗೆ ಬದಲು ಪುಟ್ಟಿ ಕುಳಿತಿದೆಯೆಂದು ಅರ್ಥ. ಚಾಸಿ ಸಂಖ್ಯೆಯನ್ನು ಮರಳುಕಾಗದದಿಂದ ಮೆಲ್ಲನೆ ತಿಕ್ಕಿ, ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾನೆ. ಇಷ್ಟಾಗುವ ತನಕ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತೇನೆಂದು ಒಡೆಯರು ಎಷ್ಟೇ ಒತ್ತಾಯಿಸಿದರೂ ಅವನು ತಲೆಯಾಡಿಸುವನೇ ಹೊರತು ಅತ್ತ ಹೋಗನು. ಇಂಥವನ ಅರ್ಧ ದಿನದ ಕೂಲಿಯನ್ನು ಕೊಟ್ಟು ಕರೆತರುವುದರಲ್ಲಿ ಕಾರ್ಪಣ್ಯ ತೋರುವವರು ಲಕ್ಷ ರೂಪಾಯಿಯ ವ್ಯವಹಾರ ಮಾಡತಕ್ಕವರಲ್ಲ.

ನಾಲ್ಕು ಚಕ್ರದ ಚಾಲನೆಯೆಂಬ ಹೆಸರಿಗೇ ಬೆಲೆ ಏರುವುದರಿಂದ ಅದನ್ನೂ ಪರೀಕ್ಷಿಸಬೇಕಷ್ಟೆ. ಹಳೆಯ ಜೀಪುಗಳಲ್ಲಿ ಗೇರಿನ ಕಡ್ಡಿಯ ಪಕ್ಕದಲ್ಲಿ ಮತ್ತೆರಡು ಗಿಡ್ಡ ಕಡ್ಡಿಗಳಿರುತ್ತವೆ. ಒಂದು ಮುಂದಿನ ಚಕ್ರಗಳನ್ನು ಜೋಡಿಸುವುದಕ್ಕೆ, ಇನ್ನೊಂದು ಹೆಚ್ಚು ಬಲ ಕಡಮೆ ವೇಗದ ಗೇರಿಗೆ. ಡೀಸೆಲ್ ಉಳಿಯಲೆಂದು ಮುಂದಿನ ಪ್ರೊಪೆಲರ್ ಶಾಫ್ಟನ್ನೇ ಬಿಚ್ಚಿ ಮನೆಯ ಅಟ್ಟಕ್ಕೆ ಹಾಕಿದವರು ಅನೇಕರು. ಕಡ್ಡಿ ಆಡುತ್ತದೆ, ಚಕ್ರಕ್ಕೆ ಏನೂ ತಲಪುವುದಿಲ್ಲ. ಅಟ್ಟದಲ್ಲಿ ಶಾಫ್ಟು ಇನ್ನೂ ಇದೆಯೇ ಎಂದು ಕೇಳುವುದು ಅಸಭ್ಯವಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾನು ಹೇಳುವ ಅಂಕಿಗಳು ಉದಾಹರಣೆಗೆ ಮಾತ್ರ, ಕ್ರಮ ಮುಖ್ಯ. ಅದೇ ಮಾದರಿಯ, ಅದೇ ವಯಸ್ಸಿನ, ಕಾಗದವೆಲ್ಲ ನೇರವಾಗಿದ್ದು ನಾಳೆಯೇ ಘಟ್ಟ ಹತ್ತಬಲ್ಲ ಜೀಪು ಪೇಟೆಯಲ್ಲಿ 4,00,000 ರೂಪಾಯಿಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಗೊತ್ತಿರುವ ದೋಷಗಳಿಗೆ, ಎಂದರೆ ಬ್ರೇಕು, ಕ್ಲಚ್ಚು, ಟೈರು, ಟಿಂಕರಿಂಗ್ ಇವುಗಳಿಗೆ, ಮೆಕ್ಯಾನಿಕ್ ಬರೆದುಕೊಟ್ಟ ಅಂದಾಜು 90,000, ಉಳಿದದ್ದು 3,10,000. ನವೀಕರಣ 10,000, ಮೂರು ವರ್ಷದ ವಿಳಂಬ 18,000, ಹಸಿರು ತೆರಿಗೆ 500, ಉಳಿದದ್ದು 2,81,500. ಕೊಳ್ಳುವವನು ಗ್ಯಾರೇಜಿಗೆ ಅಲೆಯುವ ಶ್ರಮಕ್ಕೂ, ಗಾಡಿ ಕೈಗೆ ಬರುವ ತನಕ ಹಣ ಕಟ್ಟಿಕೊಂಡಿರುವುದಕ್ಕೂ 20,000 ಎನ್ನೋಣ, 2,61,500. ಇಲ್ಲಿಯ ತನಕ ಹೆಚ್ಚು ಜಗಳವಿರುವುದಿಲ್ಲ. ಜಗಳವಿರುವುದು ಇದರ ಮುಂದಿನ ಮೆಟ್ಟಿಲಲ್ಲಿ: ಬಿಚ್ಚಿ ನೋಡದ ಎಂಜಿನ್ನು. ಹೊಗೆ ಕೊಂಚ ಕಪ್ಪು, ಎಣ್ಣೆ ತುಂಬುವ ಮುಚ್ಚಳ ತೆರೆದರೆ ಆವಿ ಸ್ವಲ್ಪ ನುಗ್ಗುತ್ತದೆ. ಬೋರ್ ಮಾಡಿಸಬೇಕಾದೀತು, ಮಾಡಿಸದೆಯೂ ನಡೆದೀತು. ಇಳಿಸಿ ಕೆಲಸ ಮಾಡಿಸಿದರೆ 80,000, ಅದೃಷ್ಟವಿದ್ದರೆ ಏನೂ ಇಲ್ಲ. ಮೆಕ್ಯಾನಿಕ್ ಎರಡಕ್ಕೂ ಸಮಸಂಭವ ಎನ್ನುತ್ತಾನೆ.

ಈ ಸಂದೇಹದ ಭಾರವನ್ನು ಯಾರು ಹೊರಬೇಕು? ಕೊಳ್ಳುವವನೇ ಎಂಬುದು ರೂಢಿಯಲ್ಲಿರುವ ಉತ್ತರ; ‘ಇದ್ದದ್ದು ಇದ್ದಹಾಗೆ’ ಎಂಬ ಎರಡು ಪದಗಳಿಂದ ಮಾರುವವರು ಕೈ ತೊಳೆದುಕೊಳ್ಳುತ್ತಾರೆ. ನನಗೆ ಇದು ಸಮ್ಮತವಲ್ಲ. ಜೀಪಿನೊಡನೆ ಹತ್ತಾರು ವರ್ಷ ಬಾಳಿದವನಿಗೆ, ಚಳಿಯ ಬೆಳಗ್ಗೆ ಅದು ಎಷ್ಟು ಸಲ ಕೆಮ್ಮಿ ಏಳುತ್ತದೆ, ಏರಿನಲ್ಲಿ ಎಲ್ಲಿ ಸೋಲುತ್ತದೆ, ತಿಂಗಳಿಗೆ ಎಷ್ಟು ಎಣ್ಣೆ ಕುಡಿಯುತ್ತದೆ ಎಂಬುದೆಲ್ಲ ತಿಳಿದಿರುತ್ತದೆ. ಕೊಳ್ಳುವವನಿಗೆ ಸಿಕ್ಕುವುದು ಅರ್ಧ ಗಂಟೆ, ನೆಟ್ಟಕಲ್ಲಪ್ಪ ವೃತ್ತದ ತನಕ ಒಂದು ಸುತ್ತು. ಇಬ್ಬರ ತಿಳಿವಿನಲ್ಲಿ ಇಷ್ಟು ಅಂತರವಿದ್ದಲ್ಲಿ ಪೇಟೆಯೇ ಕೆಡುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ, ಬಳಸಿದ ಕಾರುಗಳ ದೃಷ್ಟಾಂತವನ್ನೇ ಹಿಡಿದು, ತೋರಿಸಿಕೊಟ್ಟರು. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಒಳ್ಳೆಯದನ್ನೂ ಕೆಟ್ಟದನ್ನೂ ಬೇರ್ಪಡಿಸಲಾರದ ಗಿರಾಕಿ ಎರಡಕ್ಕೂ ನಡುವಣ ಬೆಲೆಯನ್ನೇ ಹೇಳುತ್ತಾನೆ, ಆ ಬೆಲೆಗೆ ಒಳ್ಳೆಯ ಗಾಡಿಯ ಒಡೆಯ ಮಾರಲೊಪ್ಪದೆ ಹಿಂದೆ ಸರಿಯುತ್ತಾನೆ, ಪೇಟೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ, ಅದನ್ನರಿತ ಗಿರಾಕಿ ಬೆಲೆಯನ್ನು ಇನ್ನಷ್ಟು ಇಳಿಸುತ್ತಾನೆ ಎಂಬುದು ಆ ವಾದದ ಸಾರ. ಪ್ರಾಮಾಣಿಕನಿಗೆ ನಷ್ಟವಾಗುವ ಈ ಚಕ್ರವನ್ನು ಮುರಿಯುವ ಶಕ್ತಿ ಬಲ್ಲವನ ಕೈಯಲ್ಲಿ ಮಾತ್ರವಿದೆ. ಎಂದಮೇಲೆ ಮಾರುವವನು ಎರಡರಲ್ಲೊಂದನ್ನು ಮಾಡಲಿ: ತನ್ನ ಖರ್ಚಿನಲ್ಲಿ ಎಂಜಿನ್ನನ್ನು ಬಿಚ್ಚಿಸಿ ಅಳತೆ ತೋರಿಸಲಿ, ಇಲ್ಲವೇ ಸಂದೇಹದ ಅರ್ಧ ಬೆಲೆಯಾದ 40,000ವನ್ನು ತಾನಾಗಿ ಬಿಡಲಿ. ಒಡೆಯರು ಮನಸ್ಸಿನಲ್ಲಿಟ್ಟುಕೊಂಡದ್ದು ಮೂರೂವರೆ ಲಕ್ಷ, ದಲ್ಲಾಳಿ ಕೇಳಿದ್ದು ಒಂದೂಕಾಲು ಲಕ್ಷ ಎಂದಿಟ್ಟುಕೊಂಡರೆ, ಆಗ ಬರುವ 2,21,500 ಮೊದಲನೆಯದಕ್ಕೆ ತೀರ ಕೆಳಗೆ, ಎರಡನೆಯದಕ್ಕೆ ತೀರ ಮೇಲೆ. “ನನಗೂ ಗೊತ್ತಿಲ್ಲವಲ್ಲ” ಎನ್ನುವ ಒಡೆಯರಿಗೂ ಉತ್ತರ ಇದೇ; ಹತ್ತು ವರ್ಷ ಓಡಿಸಿದವರಿಗೆ ಗೊತ್ತಿಲ್ಲದ್ದನ್ನು ಅರ್ಧ ಗಂಟೆ ಓಡಿಸಿದವನ ತಲೆಗೆ ಕಟ್ಟಲಾದೀತೆ?

ಕೊಳ್ಳುವವರೂ ಸಾಧುಗಳೆಂದು ನಾನು ಹೇಳುತ್ತಿಲ್ಲ. ಪ್ರತಿ ದೋಷಕ್ಕೂ ಕಂಪನಿಯ ಹೊಸ ಭಾಗದ ಬೆಲೆ ಹಾಕಿ ಕಳೆದು, ಕೊಂಡ ಮೇಲೆ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿ ಸಾಲಿನಲ್ಲೋ ಮೂರನೆಯ ಒಂದು ಪಾಲಿಗೆ ಅದನ್ನು ತಂದು ಹಾಕಿಸಿಕೊಳ್ಳುವ ಜಾಣರನ್ನು ಕಂಡಿದ್ದೇವೆ. ಮಹೀಂದ್ರದ ಜೀಪಿಗೆ ಭಾಗಗಳು ದಂಡಿಯಾಗಿ ಸಿಗುವುದರಿಂದ ದುರಸ್ತಿಯ ಕಡಿತವೂ ಮಿತವಾಗಿರಬೇಕು. ಹಿಂದೂಸ್ಥಾನ್ ಮೋಟಾರ್ಸಿನವರು ಒಂದು ಕಾಲದಲ್ಲಿ ತಿರುವಳ್ಳೂರಿನಲ್ಲಿ ಜೋಡಿಸುತ್ತಿದ್ದ ಮಿತ್ಸುಬಿಷಿ ಪಜೇರೋದ ಮಾತು ಬೇರೆ, ಅದೇ ದೋಷಕ್ಕೆ ಅಲ್ಲಿ ಹಲವು ಪಟ್ಟು ಕಡಿತ ನ್ಯಾಯವೇ. ಹಾಗೆಯೇ ಕಬ್ಬಿಣದ ತೂಕವನ್ನು ಕನಿಷ್ಠ ಬೆಲೆಯೆಂದು ತಿಳಿಯುವುದೂ ತಪ್ಪು: ಗೇರುಪೆಟ್ಟಿಗೆ, ಆಕ್ಸಲ್ಲು, ರೇಡಿಯೇಟರು ಇವನ್ನು ಬಿಡಿಬಿಡಿಯಾಗಿ ಕೊಳ್ಳುವವರಿರುವ ತನಕ ಗುಜರಿಯವನ ಮೊದಲ ಮಾತಿಗೆ ಒಪ್ಪತಕ್ಕದ್ದಿಲ್ಲ.

ಇನ್ನು ಬಣ್ಣದ ವಿಷಯ. ಮಾರುವ ಮುನ್ನ ಒಂದು ಕೈ ಬಣ್ಣ ಹೊಡೆಸಿದರೆ ಬೆಲೆ ಏರುತ್ತದೆಂಬುದು ನಿಜವಾಗಿರಬಹುದು. ಆದರೂ ತುಕ್ಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಸೇನೆಯ ಹಸಿರು, ಹಸಿರಿನ ಮೇಲೆ ಬಿಳಿಯ ನಕ್ಷತ್ರ ಬರೆಸಿದ ಜೀಪನ್ನು ನೋಡಿದಾಗ, ಕೊಳ್ಳುವವನ ಹಣಕ್ಕಿಂತ ಮೊದಲು ಅವನ ಕಣ್ಣನ್ನು ಕದಿಯುವ ಹವಣಿಕೆ ನನಗೆ ಅಲ್ಲಿ ಕಾಣುತ್ತದೆ. ದುರಸ್ತಿ ಬೇಕಾದ ಗಾಡಿಯನ್ನು ದುರಸ್ತಿ ಬೇಕಾದಂತೆಯೇ ನಿಲ್ಲಿಸಿ, ಧೂಳು ಮಾತ್ರ ಒರಸಿ, ದೋಷಗಳ ಪಟ್ಟಿಯನ್ನು ಚೀಟಿಯ ಪಕ್ಕದಲ್ಲೇ ಅಂಟಿಸಿದರೆ, ಬರುವ ಗಿರಾಕಿ ಕಡಮೆಯಾಗಬಹುದು, ಬಂದವರು ವ್ಯವಹಾರಸ್ಥರಾಗಿರುತ್ತಾರೆ.

ಸರ್ಕಾರದ ಪಾಲು ಇದರಲ್ಲಿ ಇಲ್ಲದಿಲ್ಲ. ಐದು ವರ್ಷಕ್ಕೊಮ್ಮೆ ಹತ್ತು ಸಾವಿರ ರೂಪಾಯಿ ಪಡೆದು, ಮೋಟಾರು ವಾಹನ ನಿರೀಕ್ಷಕರಿಂದ ಗಾಡಿಯನ್ನು ಪರೀಕ್ಷಿಸಿ, ನವೀಕರಣದ ಮುದ್ರೆಯೊತ್ತುವ ಇಲಾಖೆ, ಆ ಪರೀಕ್ಷೆಯಲ್ಲಿ ಕಂಡದ್ದೇನು ಎಂಬುದನ್ನು ನೋಂದಣಿ ಪುಸ್ತಕದಲ್ಲಿ ಬರೆಯುವುದಿಲ್ಲ. ಚಾಸಿಯ ಸ್ಥಿತಿ, ಬ್ರೇಕಿನ ಹಿಡಿತ, ಹೊಗೆಯ ಪ್ರಮಾಣ, ಎಂಜಿನ್ನು ಮೂಲದ್ದೋ ಬದಲಾದದ್ದೋ ಎಂಬ ನಾಲ್ಕೇ ಸಾಲುಗಳನ್ನು ದಾಖಲಿಸಿ, ಕೊಳ್ಳುವವನು ಅಲ್ಪಶುಲ್ಕ ಕೊಟ್ಟು ಅದರ ನಕಲನ್ನು ಪಡೆಯುವಂತಾದರೆ, ಮೆಕ್ಯಾನಿಕ್ಕಿನ ಸುತ್ತಿಗೆಗೂ ದಲ್ಲಾಳಿಯ ನಾಲಗೆಗೂ ಒಂದು ಆಧಾರ ಸಿಕ್ಕೀತು. ನಮ್ಮಂಥವರಿಗೆ ಇಷ್ಟು ಉದ್ದದ ಲೇಖನ ಬರೆಯುವ ಪ್ರಮೇಯವೂ ತಪ್ಪೀತು. ಹಣ ತೆಗೆದುಕೊಂಡು ಪರೀಕ್ಷೆ ಮಾಡಿದ ಮೇಲೆ ಫಲಿತಾಂಶವನ್ನು ಗುಪ್ತವಾಗಿಡುವುದಕ್ಕೆ ಕಾರಣವೇನೆಂದು ಪೌರರು ಕೇಳಲು ಅರ್ಹರು.

ಕಡೆಗೆ, ಬೆಲೆ ಕುದುರಿ ಹಣ ಎಣಿಸಿದ ಮೇಲೂ ಮಾರುವವರ ಕೆಲಸ ಮುಗಿಯದು. ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟೆವು, ಇನ್ನು ಅವರುಂಟು ಗಾಡಿಯುಂಟು ಎಂದು ನಿಶ್ಚಿಂತರಾಗುವವರೇ ಹೆಚ್ಚು. ಅದೇ ರಾಜ್ಯದೊಳಗಾದರೆ ಮಾರಿದವರು ಹದಿನಾಲ್ಕು ದಿನದಲ್ಲೂ ಕೊಂಡವರು ಮೂವತ್ತು ದಿನದಲ್ಲೂ ವರ್ಗಾವಣೆಯನ್ನು ಕಚೇರಿಗೆ ತಿಳಿಸಬೇಕೆಂಬುದು ಶಾಸನ. ಹೆಸರು ಬದಲಾಗುವ ಮುನ್ನ ಆ ಜೀಪು ಘಟ್ಟದ ತಿರುವಿನಲ್ಲಿ ಯಾರಿಗಾದರೂ ಬಡಿದರೆ, ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಬಾಧ್ಯರೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಮಾನಿಸಿದೆ. ಆದಕಾರಣ ಒಪ್ಪಿದ ಬೆಲೆಯಲ್ಲಿ ಹತ್ತಿಪ್ಪತ್ತು ಸಾವಿರವನ್ನು ಕೊಳ್ಳುವವನ ಕೈಯಲ್ಲೇ ಉಳಿಸಿ, ಅವನ ಹೆಸರಿಗೆ ಪುಸ್ತಕ ಬಂದ ದಿನ ಅದನ್ನು ಪಡೆಯುವುದು ಮಾರುವವರಿಗೇ ಕ್ಷೇಮ, ಆ ಬಾಕಿಯ ನೆಪದಲ್ಲಾದರೂ ವಾರಕ್ಕೊಮ್ಮೆ ಫೋನು ಮಾಡಿ, “ಹೆಸರು ಬದಲಾಯಿತೇ?” ಎಂದು ಕೇಳುವುದಕ್ಕೆ ಅವರಿಗೊಂದು ಹಕ್ಕು ಇರುತ್ತದೆ.